ನೀಲಕ್ಕನ ವಿಮೆ ದುಬಾರಿ ಎಂದು ನಾನು ಹೇಳಿದೆ

"ಇಲ್ಲ ನೀಲಕ್ಕ, ಯಾವ ಕಂಪನಿಯೂ ಕೊಡ್ತಿರಲಿಲ್ಲ. ಇವರೆಲ್ಲಾ ಒಂದೇ" — ಎಂದು ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅವರ ಹಳೆಯ ವಿಮಾ ಕಂಪನಿ ಆ ನಷ್ಟ ತುಂಬಿಕೊಡುತ್ತಿತ್ತು. ಆ ಹಳೆಯ ಪಾಲಿಸಿಯನ್ನು ಬಿಡಿಸಿದವನು ನಾನು. ದುಬಾರಿ, ಶುದ್ಧ ಸುಲಿಗೆ ಎಂದು ನಿಮ್ಮೆಲ್ಲರ ಮುಂದೆ ನಿಂತು, ನಿಮ್ಮನ್ನೆಲ್ಲ ನಗಿಸುತ್ತ ಬಿಡಿಸಿದೆ.

ಮೊದಲು ಇಷ್ಟನ್ನು ಹೇಳಿಬಿಡಬೇಕಿತ್ತು. ಹೇಳಿದೆ. ಉಳಿದದ್ದು ನಡೆದ ಸಂಗತಿ.

ಯುಗಾದಿ ಕಾರ್ಯಕ್ರಮದಲ್ಲಿ ನನಗೆ ಸ್ವಲ್ಪ ಸಮಯ ಕೊಡಿ ಎಂದು ಫೋನ್ ಮಾಡಿದಾಗ ನಮ್ಮ ಕನ್ನಡ ಸಂಘದ ಈಗಿನ ಕಾರ್ಯದರ್ಶಿ, "ಮತ್ತೆ ಸೇವಿಂಗ್ಸ್ ಟಿಪ್ಸ್ ಕೊಡ್ತೀರಾ ಸರ್? ಆವತ್ತಿಂದು ಸೂಪರ್ ಆಗಿತ್ತಂತೆ" ಎಂದರು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಈಗ ಇದನ್ನು ಬರೆಯುತ್ತ ಕುಳಿತಿರುವಾಗಲೇ ಭಯವಾಗುತ್ತಿದೆ — ನಿಮ್ಮೆದುರು ಓದುವಾಗ ಹೇಗಿರುತ್ತದೋ. ಆದರೆ ಬರೀ ಭಯ ಎಂದರೆ ಅದೂ ಸುಳ್ಳಾದೀತು. ಎದೆಯೊಳಗೆ ಏನೋ ಪುಟಿಯುತ್ತಿದೆ. ಊಟ ಸೇರುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಮಾಲಿನಿ — ನನ್ನ ಹೆಂಡತಿ — "ಮದುವೆ ಹಿಂದಿನ ದಿನ ಆಡಿದ ಹಾಗೆ ಆಡ್ತಿದೀರ" ಎಂದಳು. ಇರಬಹುದು. ಇಷ್ಟು ವರ್ಷ ಒಂದು ನಿಜವನ್ನು ಬಚ್ಚಿಟ್ಟುಕೊಂಡು ಬದುಕಿದವನಿಗೆ, ಅದನ್ನು ಹೇಳುವ ದಿನ ಹತ್ತಿರ ಬಂದಾಗ —

ಇರಲಿ. ನನ್ನನ್ನು ಅರಿಯದ ಹೊಸಬರು ನಿಮ್ಮಲ್ಲಿ ಇದ್ದೀರಿ. ನಾನು ರಘುನಂದನ. ಮೈಸೂರಿನವನು. ಈಗ ಶಿಕಾಗೋ ಕಡೆ, ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದೇನೆ. ಅದಕ್ಕೂ ಮೊದಲು ಬಹಳ ವರ್ಷ ಇಲ್ಲೇ, ನಿಮ್ಮ ನಡುವೆಯೇ ಇದ್ದೆ. ಸೌತ್‌ಫೀಲ್ಡ್‌ನ ಒಂದು ಗಾಜಿನ ಕಟ್ಟಡದಲ್ಲಿ ಕಾರುಗಳ ವಿಮೆಗೆ ದರ ನಿಗದಿ ಮಾಡುವುದು ನನ್ನ ಕೆಲಸವಾಗಿತ್ತು. ಯಾವ ಕಾರು, ಯಾವ ಬಡಾವಣೆ, ಓಡಿಸುವವರ ವಯಸ್ಸೆಷ್ಟು — ಅಪಾಯವನ್ನು ಅಳೆದು ಅದಕ್ಕೆ ಬೆಲೆ ಕಟ್ಟುವುದು. ಆ ಕೆಲಸದ ಮೇಲೆ ನನಗೆ ಹುಚ್ಚು ಪ್ರೀತಿ. ನಾಳೆ ಏನಾದೀತೋ ಯಾರಿಗೂ ಗೊತ್ತಿಲ್ಲ, ಆದರೂ ಆ ಗೊತ್ತಿಲ್ಲದ್ದಕ್ಕೆ ಇಂತಿಷ್ಟು ಎಂದು ಹೇಳಬಹುದು — ಈ ಯೋಚನೆಯೇ ನನ್ನನ್ನು ಇವತ್ತಿಗೂ ಕುರ್ಚಿಯಿಂದ ಎಬ್ಬಿಸುತ್ತದೆ. ಯಾರದ್ದಾದರೂ ಮನೆಗೆ ಊಟಕ್ಕೆ ಹೋದರೆ ಅವರ ಪಾಲಿಸಿ ಕೇಳಿ ಓದುತ್ತಿದ್ದವನು ನಾನು. "ರಘು ಅಂಕಲ್ ಬಂದ್ರು, ಬಿಲ್‌ಗಳನ್ನ ಬಚ್ಚಿಡಿ" ಎಂದು ನಿಮ್ಮ ಮಕ್ಕಳು ತಮಾಷೆ ಮಾಡುತ್ತಿದ್ದರು.

ಆದರೆ ಒಂದು ಮಾತು ಇಲ್ಲೇ ಹೇಳಬೇಕು. ನನ್ನ ವಿದ್ಯೆ ಕಾರಿನದ್ದು. ಬಾಡಿಗೆ ಮನೆಯ ಸಾಮಾನಿಗೆ ಮಾಡಿಸುವ ವಿಮೆ — ನಾವೆಲ್ಲ ರೆಂಟರ್ಸ್ ಇನ್ಶೂರೆನ್ಸ್ ಎನ್ನುತ್ತೇವಲ್ಲ, ಅದು — ಬೇರೆಯೇ ಲೋಕ. ಮನೆ ಮಾಲೀಕರ ವಿಮೆ ಗೋಡೆ ಮಾಡಿಗೆ ಮಾತ್ರ. ಗೋಡೆಗಳ ನಡುವೆ ನಾವಿಟ್ಟದ್ದಕ್ಕೆ ನಾವೇ ಮಾಡಿಸಬೇಕು. ಅದರ ಒಳಹೊರಗು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಗೊತ್ತಿದೆ ಎಂದು ನೀವು ಅಂದುಕೊಂಡಿರಿ. ನಾನು ಅಂದುಕೊಳ್ಳಲು ಬಿಟ್ಟೆ.

ಇನ್ನು ನೀಲಕ್ಕ. ನೀಲಾಂಬಿಕಾ ಎಂಬ ಹೆಸರಿನಿಂದ ಅವರನ್ನು ಇಲ್ಲಿ ಯಾರೂ ಕರೆದದ್ದಿಲ್ಲ. ಧಾರವಾಡದವರು. ಗಂಡ ತೀರಿಕೊಂಡ ಮೇಲೂ ಮಗಳು ಈಶಾಳ ಓದಿಗಾಗಿ ಇಲ್ಲೇ ನಿಂತು, ಸೌತ್‌ಫೀಲ್ಡ್‌ನಲ್ಲಿ ಬಾಡಿಗೆಗೆ ಹಿಡಿದ ಮನೆಯ ಬೇಸ್‌ಮೆಂಟಿನಲ್ಲಿ ಹಿಂದೂಸ್ತಾನಿ ಸಂಗೀತ ಹೇಳಿಕೊಡುತ್ತಿದ್ದರು. ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಕನ್ನಡ ಕಲಿಯುವ ಮೊದಲು ಅಲ್ಲಿ ಸ್ವರ ಕಲಿತರು. ಮಕ್ಕಳು ಇಂಗ್ಲಿಷಿನಲ್ಲಿ ಏನೇ ಕೇಳಲಿ, ನೀಲಕ್ಕನ ಉತ್ತರ ಧಾರವಾಡದ ಕನ್ನಡದಲ್ಲೇ. ಹೇಗೋ ಇಬ್ಬರಿಗೂ ಅರ್ಥವಾಗುತ್ತಿತ್ತು. ಆ ಬೇಸ್‌ಮೆಂಟಿನಲ್ಲಿ ಮಿರಜದಲ್ಲಿ ಮಾಡಿಸಿದ ತಂಬೂರಿಗಳಿದ್ದವು. ಅವುಗಳಲ್ಲೊಂದು ಅವರ ಗುರುಗಳ ಮನೆಯಿಂದ ಬಂದದ್ದು. ವಿಮಾನದಲ್ಲಿ ಅದನ್ನು ತರುವಾಗ ಅದಕ್ಕೇ ಒಂದು ಸೀಟು ತೆಗೆದುಕೊಂಡಿದ್ದರು. ನನ್ನ ಮಗಳೂ ಕೆಲವು ಕಾಲ ಅಲ್ಲಿಗೆ ಹೋದಳು. ಅವಳನ್ನು ಬಿಡಲು ಹೋದಾಗ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದೆ — ಕೆಳಗಿನಿಂದ ಆ ನಾದ ಮೇಲಕ್ಕೆ ಬರುವಾಗ ಮರದ ಮೆಟ್ಟಿಲು ಸಣ್ಣಗೆ ಕಂಪಿಸಿದಂತೆ ಅಂಗಾಲಿಗೆ ತಿಳಿಯುತ್ತಿತ್ತು.

ಹೀಗಿರುವಾಗ ಒಂದು ವರ್ಷ ಯುಗಾದಿಗೆ ನನ್ನದೊಂದು ಉಪನ್ಯಾಸ ಇಟ್ಟಿರಿ. 'ರೆಂಟರ್ಸ್ ಇನ್ಶೂರೆನ್ಸ್‌ಗೆ ನೀವು ಜಾಸ್ತಿ ಕೊಡ್ತಿದ್ದೀರಾ?' ಹೆಸರಿಟ್ಟವನೂ ನಾನೇ. ಅದರ ತಯಾರಿ ಮಾಡಿದ ವಾರ ನನ್ನ ಜೀವನದ ಅತ್ಯಂತ ಖುಷಿಯ ವಾರಗಳಲ್ಲಿ ಒಂದು ಎಂದರೆ ನಂಬುತ್ತೀರಾ. ಸ್ಲೈಡುಗಳು, ಬಣ್ಣಬಣ್ಣದ ಚಿತ್ರಗಳು, ಎಲ್ಲೆಲ್ಲಿ ನಗಿಸಬೇಕು ಎಂಬ ಲೆಕ್ಕ. ಒಂದೇ ಒಂದು ಕೊರತೆ — 'ನೋಡಿ, ಹೀಗೆ ಮೋಸ ಹೋಗುತ್ತೀರಿ' ಎಂದು ತೋರಿಸಲು ಒಂದು ನಿಜವಾದ ಪಾಲಿಸಿ ಬೇಕಿತ್ತು. ನೀಲಕ್ಕನನ್ನು ಕೇಳಿದೆ. "ತಗೋಪಾ, ನನಗ ಅದರಾಗ ಏನೂ ತಿಳಿಯೂದಿಲ್ಲ. ನೀ ನೋಡಿ ಹೇಳಿದ್ರ ಛಲೋನ ಆತು" ಎಂದು ಕೊಟ್ಟರು.

ಮೊದಲ ಪುಟದಲ್ಲಿ ವರ್ಷದ ಒಟ್ಟು ದರ. ನೋಡಿದ ಕೂಡಲೇ ಕುಣಿಯುವಂತಾಯಿತು. ನಮ್ಮೆಲ್ಲರ ದರಕ್ಕಿಂತ ಸುಮಾರು ಎರಡು ಪಟ್ಟು. ಇಂಥದ್ದೇ ಬೇಕಾಗಿತ್ತು ನನಗೆ.

ಆಮೇಲೆ ಎರಡನೆಯ ಪುಟ ತಿರುಗಿಸಿದೆ.

ಇದನ್ನು ನಾನು ನಿಧಾನವಾಗಿ ಹೇಳಬೇಕು. ಎರಡನೆಯ ಪುಟದಲ್ಲಿ ಎರಡು ಸೇರ್ಪಡೆಗಳಿದ್ದವು. ಮಳೆ ಹೆಚ್ಚಾಗಿ ಚರಂಡಿಯ ನೀರು ಹಿಂದಕ್ಕೆ ನುಗ್ಗಿ ಬೇಸ್‌ಮೆಂಟಿನೊಳಗೆ ಉಕ್ಕಿದರೆ ಅದರ ನಷ್ಟ ಕೊಡುತ್ತೇವೆ ಎಂಬುದು ಒಂದು. ಸಾಮಾನ್ಯ ಪಾಲಿಸಿಯಲ್ಲಿ ಇದು ಇರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು. ಇನ್ನೊಂದು, ತಂಬೂರಿ ಹಾರ್ಮೋನಿಯಮ್‌ಗಳನ್ನು ಹೆಸರು ಹಿಡಿದು ಬರೆದು, ಹಳೆಯದೆಂದು ಬೆಲೆ ಇಳಿಸದೆ, ಹೊಸದನ್ನು ಮಾಡಿಸುವಷ್ಟು ಕೊಡುತ್ತೇವೆ ಎಂಬುದು. ಆ ಪಾಲಿಸಿ ಬರೆದದ್ದು ಇಲ್ಲಿನ ಒಬ್ಬರು ವಯಸ್ಸಾದ ಅಮೆರಿಕನ್ ಮಹಿಳಾ ಏಜೆಂಟ್. ಆಕೆ ಬೇಸ್‌ಮೆಂಟಿಗೇ ಇಳಿದು, ಕಾರ್ಪೆಟ್ಟಿನ ಮೇಲೆ ಕುಳಿತು, ಒಂದಿಷ್ಟು ನುಡಿಸಿ ಎಂದು ಕೇಳಿ, ಆಮೇಲೆ ಬರೆದುಕೊಂಡು ಹೋಗಿದ್ದರಂತೆ.

ಆ ಎರಡನ್ನೂ ತೆಗೆದು ನೋಡಿದರೆ ಉಳಿದ ದರ ನಮ್ಮದರಷ್ಟೇ ಇತ್ತು. ಇಟ್ಟು ನೋಡಿದರೆ, ನೆಲದೊಳಗಿನ ಮನೆಗೆ, ಅಂಥ ವಾದ್ಯಗಳಿಗೆ — ಅದು ನ್ಯಾಯವಾದ ಬೆಲೆ. ನಾನು ಲೆಕ್ಕ ಹಾಕಿದೆ. ಹಾಕಿ ತಿಳಿದುಕೊಂಡೆ. ಬೆಲೆ ಹೆಚ್ಚೋ ಕಡಿಮೆಯೋ ಎಂದು ಕೇಳುವ ಮೊದಲು ಯಾವುದರ ಬೆಲೆ ಎಂದು ಕೇಳಬೇಕು. ನನ್ನ ಕಸುಬಿನ ಮೊದಲ ಪಾಠವೇ ಅದು.

ಆದರೆ ನ್ಯಾಯವಾದ ಬೆಲೆಗೆ ಯಾರು ನಗುತ್ತಾರೆ? ನನ್ನ ಉಪನ್ಯಾಸ — ನನ್ನ ಒಳ್ಳೆಯ ಸ್ಲೈಡು —

ಎರಡನೆಯ ಪುಟವನ್ನು ನಾನು ನಿಮಗೆ ತೋರಿಸಲಿಲ್ಲ.

ಆವತ್ತಿನದ್ದು ನಿಮಗೆ ನೆನಪಿರಬಹುದು. ಶಾಲೆಯ ಕೆಫೆಟೇರಿಯಾ, ಬಿಸಿಬೇಳೆ ಬಾತ್ ಆದ ಮೇಲಿನ ತೂಕಡಿಕೆಯ ಹೊತ್ತು. ನಾನು ಶುರು ಮಾಡಿದ ಸ್ವಲ್ಪದರಲ್ಲೇ ಎಲ್ಲರೂ ಎದ್ದು ಕುಳಿತಿರಿ. ಹೆಸರು ಮುಚ್ಚಿ ನೀಲಕ್ಕನ ಮೊದಲ ಪುಟ ಪರದೆಯ ಮೇಲೆ ಹಾಕಿ, ಪಕ್ಕದಲ್ಲಿ ಅಗ್ಗದ ಕಂಪನಿಯ ದರ ಹಾಕಿದಾಗ ಸಭೆಯಲ್ಲಿ ಒಂದು ಉದ್ಗಾರ ಎದ್ದಿತು. "ಇದು ಇನ್ಶೂರೆನ್ಸ್ ಅಲ್ಲ ಸ್ವಾಮಿ, ಕಪ್ಪಕಾಣಿಕೆ" ಎಂದೆ. ಬಿದ್ದು ಬಿದ್ದು ನಕ್ಕಿರಿ. ಅಯ್ಯೋ, ಆ ನಗು — ನನ್ನ ಕಿವಿ ಬಿಸಿಯಾಗುವಷ್ಟು ಸುಖವಾಗಿತ್ತು. ಅಂಥ ಸುಖ ಮತ್ತೆ ಸಿಕ್ಕಿಲ್ಲ.

ಆಗ ಮೂರನೆಯ ಸಾಲಿನಿಂದ ನೀಲಕ್ಕ ಎದ್ದು, ಹೆಸರು ಮುಚ್ಚಿದ್ದೂ ವ್ಯರ್ಥವಾಗುವಂತೆ, "ಅದು ನಂದ ಐತ್ರಿ ಎಲ್ಲಾರೂ, ನಕ್ಕೊಳ್ರಿ" ಎಂದು ತಾವೂ ನಗುತ್ತ ಕೇಳಿದರು: "ರಘು, ಅಗ್ಗದ್ದು ತಗೊಂಡ್ರ ನನ್ನ ತಂಬೂರಿ ಅದರಾಗ ಬರ್ತಾವೇನು?"

"ಬರತ್ತೆ ನೀಲಕ್ಕ. ಮನೇಲಿರೋ ಸಾಮಾನೆಲ್ಲಾ ಬರತ್ತೆ" ಎಂದೆ.

ಪೂರ್ತಿ ಸುಳ್ಳಲ್ಲ. ಬೆಂಕಿ ಬಿದ್ದರೆ, ಕಳ್ಳತನವಾದರೆ ಅಷ್ಟಿಷ್ಟು ಬರುತ್ತಿತ್ತು. ಅರ್ಧ ನಿಜದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅದನ್ನು ಆಡುವವನಿಗೆ ಅರ್ಧ, ನಂಬುವವರಿಗೆ ಪೂರ್ತಿ.

ಕಾಫಿ ಹೊತ್ತಿಗೆ ನೀಲಕ್ಕನ ಪಕ್ಕದಲ್ಲೇ ಕುಳಿತು ಅವರ ಫೋನಿನಲ್ಲಿ ಹೊಸ ಪಾಲಿಸಿ ಮಾಡಿಸಿದೆ, ಹಳೆಯದನ್ನು ಬಿಡಿಸಿದೆ. "ಪಾಪ, ಆ ಏಜೆಂಟ್ ಮುದುಕಿ ಬ್ಯಾಸರ ಮಾಡ್ಕೋತಾಳೇನೋ" ಎಂದರು. "ಬಿಸಿನೆಸ್ ನೀಲಕ್ಕ, ಯಾರೂ ಬೇಜಾರು ಮಾಡ್ಕೊಳಲ್ಲ" ಎಂದೆ. ನಿಮ್ಮಲ್ಲೂ ಕೆಲವರು ಸಾಲು ನಿಂತು ನನ್ನಿಂದ ಪಾಲಿಸಿ ಬದಲಿಸಿಕೊಂಡಿರಿ.

ಆ ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ ಆಕಾಶ ಹರಿದುಕೊಂಡು ಬಿತ್ತು. ನೀಲಕ್ಕನ ಬೇಸ್‌ಮೆಂಟಿನಲ್ಲಿ ಪಾಠ ನಡೆದಿತ್ತು. ನೆಲದ ಮೂಲೆಯ ಜಾಲರಿಯಿಂದ ಕಪ್ಪು ನೀರು ಗುಳುಗುಳು ಎಂದು ಮೇಲೆ ಬರತೊಡಗಿತು. ಮೊದಲು ಮಕ್ಕಳು ನಕ್ಕರಂತೆ. ನೀಲಕ್ಕ ಪ್ರತಿಯೊಬ್ಬರನ್ನೂ ಮೆಟ್ಟಿಲು ಹತ್ತಿಸಿ, ತಲೆ ಎಣಿಸಿ, ತಂಬೂರಿಗಳಿಗಾಗಿ ತಿರುಗಿ ಇಳಿಯುವಷ್ಟರಲ್ಲಿ ನೀರು ಗೋಡೆಯ ವಿದ್ಯುತ್ ಸಾಕೆಟ್ಟಿನ ತನಕ ಏರಿತ್ತು. ಬಂದ ಅಗ್ನಿಶಾಮಕದವರು ಕರೆಂಟಿನ ಅಪಾಯವಿದೆ ಎಂದು ಯಾರನ್ನೂ ಕೆಳಗಿಳಿಯಲು ಬಿಡಲಿಲ್ಲ. ನೀಲಕ್ಕ ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತು ನೋಡಿದರು. ತಂಬೂರಿಯ ಬುರುಡೆ ಎಂದರೆ ಒಣಗಿದ ಕುಂಬಳಕಾಯಿ ತಾನೆ, ಅದು ತೇಲುತ್ತದೆ. ಅವು ತೇಲಿಕೊಂಡು ಬಂದು ಕೆಳಗಿನ ಮೆಟ್ಟಿಲಿಗೆ ಬಡಿಯುತ್ತಿದ್ದವಂತೆ. "ಷಿ ಜಸ್ಟ್ ಸ್ಟುಡ್ ದೇರ್, ಅಂಕಲ್" ಎಂದು ಈಶಾ ನನಗೆ ಹೇಳಿದಳು.

ಮರುದಿನ ರಬ್ಬರ್ ಕೈಗವಸು ತೊಟ್ಟು ಸ್ವಚ್ಛ ಮಾಡಲು ಓಡಿದವರಲ್ಲಿ ನಾನು ಮೊದಲಿಗ. ಯಾಕೆ ಓಡಿದೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ಬುರುಡೆಗಳು ಮೆತ್ತಗಾಗಿ, ಕೂಡಿಸಿದ ಕಡೆಯಲ್ಲೆಲ್ಲ ಬಾಯಿ ಬಿಟ್ಟಿದ್ದವು. ಗುರುಗಳ ತಂಬೂರಿಯನ್ನು ಎತ್ತಿದರೆ ಕೊರಳು ನನ್ನ ಕೈಯಲ್ಲಿ, ಬುರುಡೆ ನೆಲದಲ್ಲಿ. ವಾಸನೆಯ ಮಾತು ಬೇಡ.

ನೀಲಕ್ಕ ಅಡುಗೆಮನೆಯಿಂದ ಹೊಸ ಕಂಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆಯವನು ತುಂಬ ಮರ್ಯಾದಸ್ಥ. ಚರಂಡಿಯಿಂದ ಉಕ್ಕಿದ ನೀರು ನಿಮ್ಮ ಪಾಲಿಸಿಯಲ್ಲಿ ಇಲ್ಲ ಮ್ಯಾಡಂ, ಆ ಸೇರ್ಪಡೆ ನೀವು ತೆಗೆದುಕೊಂಡಿಲ್ಲ, ಕ್ಷಮಿಸಿ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನೀಲಕ್ಕ ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ರಘು, ಮದಲಿನ ಕಂಪನಿನ ಇದ್ದಿದ್ರ ಅವರು ಕೊಡ್ತಿದ್ರೇನು?"

ಆಗ — ಒಂದು ಉಸಿರಿನಷ್ಟು ಹೊತ್ತು ನನಗೆ ಸಿಕ್ಕಿತ್ತು. ಮೈಯೆಲ್ಲ ಕೆಸರು. ಸುತ್ತ ನಿಮ್ಮಲ್ಲೇ ಐದಾರು ಜನ ಬಕೆಟ್ ಹಿಡಿದು ನಿಂತಿದ್ದಿರಿ. ಹೇಳಿಬಿಡಬಹುದಿತ್ತು. ಆದರೆ ನಾನು ಮೊದಲೇ ನಿಮಗೆ ಓದಿ ಹೇಳಿದ ಆ ಮಾತನ್ನು ಆಡಿದೆ. ಯಾವ ಕಂಪನಿಯೂ ಕೊಡ್ತಿರಲಿಲ್ಲ. ಎಲ್ಲಾ ಒಂದೇ.

"ಹಂಗಂದ್ರ ನನ್ನ ನಸೀಬ" ಎಂದರು ನೀಲಕ್ಕ. ಆಮೇಲೆ ನನ್ನ ಮುಖ ನೋಡಿ, "ನೀ ಯಾಕ ಸಣ್ಣ ಮಾರಿ ಮಾಡ್ತಿಯೋ ತಮ್ಮಾ, ನೀ ಏನ್ ಮಾಡ್ತಿ ಪಾಪ. ಮೈ ತೊಳಕೋ ಹೋಗು, ಚಾ ಮಾಡ್ತೀನಿ" ಎಂದರು.

ಆ ಚಹಾ ಕುಡಿದೆ.

ಆ ವರ್ಷದ ಕೊನೆಗೆ ಸ್ವಚ್ಛತೆಗೆ ಮುಂದಾಳಾದವನೆಂದು ಸಂಘ ನನಗೆ ಶಾಲು ಹೊದಿಸಿತು. ಅದನ್ನು ಹೊದಿಸಿದವರು ನೀಲಕ್ಕ. ನೀವು ಚಪ್ಪಾಳೆ ತಟ್ಟಿದಿರಿ.

ನನ್ನ ಸುಳ್ಳು ಆ ಅಡುಗೆಮನೆಯಲ್ಲಿ ನಿಲ್ಲಲಿಲ್ಲ. ಅದು ನೀಲಕ್ಕನ ಜೊತೆ ಮನೆ ಬದಲಿಸಿತು. ಈಶಾಗೆ ಪಕ್ಕದ ವಾರೆನ್‌ನಲ್ಲಿ ಕಾರು ವಿನ್ಯಾಸದ ಕೆಲಸ ಸಿಕ್ಕಿ ಇಬ್ಬರೂ ಅಲ್ಲೊಂದು ಸಣ್ಣ ಅಪಾರ್ಟ್‌ಮೆಂಟಿಗೆ ಹೋದರು. ನೀಲಕ್ಕ ಫೋನಿನ ಆ್ಯಪ್‌ನಲ್ಲಿ ಶ್ರುತಿ ಹಾಕಿಕೊಂಡು ಬೆರಳೆಣಿಕೆಯ ಮಕ್ಕಳಿಗೆ ಹೇಳಿಕೊಟ್ಟರು. ವಿಮೆ ಮಾತ್ರ ಮಾಡಿಸಲಿಲ್ಲ. "ಎಲ್ಲಾ ಒಂದ ಅಂತ ರಘುನ ಹೇಳ್ಯಾನಲ್ಲ, ಯಾಕ ಸುಮ್ಮನ" ಎನ್ನುತ್ತಿದ್ದರಂತೆ. ಒಮ್ಮೆ ಅವರ ಕೆಳಗಿನ ಮನೆಯ ಒಲೆಯಿಂದ ಬೆಂಕಿ ಹತ್ತಿ ಇಡೀ ಕಟ್ಟಡದವರು ಚಳಿಯಲ್ಲಿ ರಸ್ತೆಗೆ ಬಂದು ನಿಂತರು. ಬೆಂಕಿ ಮೇಲಕ್ಕೆ ಬರಲಿಲ್ಲ, ದೇವರು ದೊಡ್ಡವನು. ಆ ಸುದ್ದಿ ಕೇಳಿದಾಗ ನಾನು ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದೆ. ಅವರು ಯಾವ ಆಸರೆಯೂ ಇಲ್ಲದೆ ನಿಂತದ್ದು ನನ್ನ ಮಾತಿನಿಂದ ಎಂದು ಗೊತ್ತಿದ್ದೂ ಫೋನ್ ಮಾಡಿ, "ಹುಷಾರಾಗಿದೀರ ತಾನೆ?" ಎಂದಷ್ಟೇ ಕೇಳಿದೆ.

ಈ ವರ್ಷ ಮಾಘದ ಚಳಿಯಲ್ಲಿ ಒಂದು ದಿನ ನೀಲಕ್ಕನ ಫೋನ್ ಬಂತು. ದನಿಯಲ್ಲೇ ಕುಣಿತ.

"ರಘು, ನಾವು ನಿಮ್ಮೂರಿಗೇ ಬರಾಕತ್ತೀವಿ. ಈಶಾಗ ಶಿಕಾಗೋದಾಗ ಕೆಲಸ ಆಗೇತಿ. ನಿಮ್ಮ ಮನಿಯಿಂದ ನಾಕೈದು ಮೈಲಿನಾಗ ಅಪಾರ್ಟ್‌ಮೆಂಟ್. ಮತ್ತ ಕೇಳಿಲ್ಲಿ, ಮಿರಜದಿಂದ ಎರಡು ಹೊಸಾ ತಂಬೂರಿ ಬರಾಕತ್ತಾವ. ನನ್ನ ಹಳೇ ಹುಡುಗ್ರೆಲ್ಲಾ ಸೇರಿ ಮಾಡಿಸ್ಯಾರ. ಪಾಠ ಮತ್ತ ಶುರು ಮಾಡ್ತೀನಿ. ಅಪಾರ್ಟ್‌ಮೆಂಟ್‌ನವರು ಬಂದ ತಿಂಗಳದಾಗ ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಲೇಬೇಕು ಅಂತಾರ. ಎರಡು ಕಂಪನಿಯವರು ದರ ಹೇಳ್ಯಾರ. ಯಾವುದು ಬರೋಬ್ಬರಿ ಐತಿ, ನೀ ಬಂದು ನೋಡಿ ಹೇಳು. ನಿನ್ನಷ್ಟು ತಿಳದವ್ರು ನಮಗ ಯಾರದಾರ."

ಫೋನ್ ಇಟ್ಟ ಮೇಲೆ ಅಲ್ಲೇ ಕುಳಿತೆ. ಮಾಲಿನಿ ಏನಾಯಿತೆಂದು ಕೇಳಿದಳು. ಅವಳಿಗೂ ನಾನು ಅದನ್ನು ಹೇಳಿರಲಿಲ್ಲ. ಹೇಳಿದೆ. ಅವಳು ಪೂರ್ತಿ ಕೇಳಿ, "ಪಾಲಿಸಿ ನೋಡಿಕೊಡಿ. ಅದಕ್ಕಿಂತ ಮುಂಚೆ ಇದನ್ನ ಹೇಳ್ಬಿಡಿ" ಎಂದಳು.

ಮುಂಚೆ ಹೇಳಲು ನನ್ನಿಂದ ಆಗಲಿಲ್ಲ. ಅವರು ಮನೆ ಬದಲಿಸಿ ಬಂದ ಮೇಲೆ ಒಂದು ಭಾನುವಾರ ಹೋದಾಗ ಮನೆತುಂಬ ಬಿಚ್ಚದ ಪೆಟ್ಟಿಗೆಗಳು, ಗೋಡೆಗೆ ಒರಗಿಸಿದ ಎರಡು ಹೊಸ ತಂಬೂರಿಗಳು, ಹೊಸ ಅರಗಿನ ವಾಸನೆ. ನೀಲಕ್ಕ ಅವುಗಳ ಸುತ್ತ ಚಿಕ್ಕ ಹುಡುಗಿಯ ಹಾಗೆ ಓಡಾಡುತ್ತಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಕಂಪನಿಯ ಹಾಳೆಗಳನ್ನು ಹರಡಿ, ಪೆನ್ನು ಹಿಡಿದು ಕುಳಿತರು. "ಈ ಸಲ ನನಗೂ ತಿಳಿಯೂಹಂಗ ಹೇಳು."

ಹೇಳಿದೆ. ಏನು ಹೇಳಲಿ ನಿಮಗೆ — ಆ ಒಂದು ಗಂಟೆ, ಮೈಮರೆತೆ. ಈ ಸಲ ಪ್ರತಿ ಪುಟವನ್ನೂ ಓದಿದೆವು. ಅಗ್ಗದ್ದು ಏಕೆ ಅಗ್ಗ? ಹತ್ತು ವರ್ಷದ ಸೋಫಾ ಸುಟ್ಟರೆ ಹತ್ತು ವರ್ಷದ ಸವಕಳಿ ಕಳೆದು ಕೊಡುತ್ತಾರೆ, ವಾದ್ಯಗಳಿಗೆ ಹೆಸರೇ ಇಲ್ಲ. ಹಾಗಾದರೆ ದುಬಾರಿಯದ್ದು ನ್ಯಾಯವೇ? ಅದೂ ಅಲ್ಲ. ಅದರಲ್ಲಿ ನೀಲಕ್ಕನ ಬಳಿ ಇಲ್ಲದ ಒಡವೆಗಳಿಗೆ ದರ ಸೇರಿಸಿದ್ದರು, ಇಲ್ಲದ ಪೀಠೋಪಕರಣಗಳಿಗೆ ಸೇರಿಸಿದ್ದರು.

"ನನ್ನ ಕೊಳ್ಳಾಗ ಇದೊಂದು ಸರಾ ಬಿಟ್ರ ಏನೈತಿ? ತಗಸು ಅದನ್ನ" ಎಂದು ನೀಲಕ್ಕ ಗೀಟು ಎಳೆದರು. ಪ್ರತಿ ಗೀಟಿಗೂ ಇಬ್ಬರೂ ನಕ್ಕೆವು. ಬೇಡದ್ದನ್ನೆಲ್ಲ ಕಳೆದು, ತಂಬೂರಿಗಳನ್ನು ಹೆಸರು ಹಿಡಿದು ಇಟ್ಟು, ಅದಕ್ಕೆಷ್ಟು ದರ ಬಂದರೆ ನ್ಯಾಯ ಎಂದು ಒಂದು ಅಂದಾಜಿಗೆ ಬಂದೆವು. ನಾನು ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಮೊದಲ ಬಾರಿಗೆ ಎದುರಿಗೊಂದು ಮುಖವಿತ್ತು.

ಕೊನೆಗೆ ಒಂದು ಸಾಲಿನ ಮೇಲೆ ಅವರ ಪೆನ್ನು ನಿಂತಿತು. "ಇದೇನು? ಚರಂಡಿ ನೀರು ಅಂತ ಹಾಕ್ಯಾರ?"

"ಅದು ಬೇಡ ನೀಲಕ್ಕ. ಮೂರನೇ ಮಹಡೀಲಿ ಇದೀರ. ಅದು ಬೇಸ್‌ಮೆಂಟ್ ಮನೆಗಳಿಗೆ."

ಅವರು ಗೀಟೆಳೆಯಲಿಲ್ಲ. "ಹಂಗಾದ್ರ ಸೌತ್‌ಫೀಲ್ಡ್‌ನಾಗ ಅದು ನಮಗ ಬೇಕಾಗಿತ್ತು" ಎಂದರು, ತಮಗೆ ತಾವೇ ಹೇಳಿಕೊಂಡಂತೆ. "ಆವಾಗ ಇಂಥಾದ್ದು ಸಿಗ್ತಿರಲಿಲ್ಲೇನು?"

ನನ್ನ ನಗು ಇನ್ನೂ ಮುಖದ ಮೇಲಿತ್ತು. ಅದು ಇಳಿಯುವುದು ನನಗೇ ತಿಳಿಯಿತು.

"ಸಿಗ್ತಿತ್ತು ನೀಲಕ್ಕ. ನಿಮ್ಮ ಹತ್ರ ಇತ್ತು. ನಾನು ಬಿಡಿಸಿದೆ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಅದರಾಗ ಇತ್ತು ಅಂತ ನಿಮಗ ಗೊತ್ತಿತ್ತೇನ್ರಿ?" ನನ್ನನ್ನು ಎಂದೂ 'ನೀ' ಬಿಟ್ಟು ಬೇರೆ ಕರೆಯದವರು.

"ಗೊತ್ತಿತ್ತು."

"ಎಲ್ಲಾರ ಮುಂದ ಮಾತಾಡುವಾಗ?"

"ಆಗಲೇ ಗೊತ್ತಿತ್ತು."

"ನಾ ಅಡಗಿಮನ್ಯಾಗ ಕೇಳಿದಾಗ?"

"ಆವಾಗ್ಲೂ."

ಒಳಗಿನ ಕೋಣೆಯಿಂದ ಬಂದ ಈಶಾ, "ವೇಟ್, ವಾಟ್ ಹ್ಯಾಪನ್ಡ್?" ಎಂದಳು. ನೀಲಕ್ಕ ನನ್ನ ಕಡೆ ನೋಡದೆ, ಚೊಕ್ಕ ಕನ್ನಡದಲ್ಲಿ, ಒಂದೂ ಮಾತು ಹೆಚ್ಚು ಕಡಿಮೆ ಮಾಡದೆ ಅವಳಿಗೆ ಹೇಳಿದರು. ಈಶಾ ನನ್ನನ್ನು ನೋಡಿ ಮೆಲ್ಲಗೆ ಒಂದೇ ಮಾತು ಹೇಳಿದಳು: "ಅಂಕಲ್, ಯು ಲೆಟ್ ಹರ್ ಥ್ಯಾಂಕ್ ಯು."

ನಾನು ಏನೋ ಶುರು ಮಾಡಿದೆ. ಆ ತಂಬೂರಿಗಳ ಬೆಲೆ ನಾನು — ಎಂದೆನೋ ಏನೋ. ನೀಲಕ್ಕ ಕೈ ಎತ್ತಿ ತಡೆದರು.

"ರೊಕ್ಕದ ಮಾತಾಡಬ್ಯಾಡ್ರಿ. ತಂಬೂರಿ ನೀರಿನಿಂದ ಹೋದವು. ಆದ್ರ ಆವತ್ತಿಂದ ನಾ ಏನಂತ ತಿಳಕೊಂಡು ಬದುಕಿನಿ? ಈ ಊರಾಗ ಯಾವ ಕಾಗದಾನೂ ನಂಬಬಾರದು, ಯಾವ ಮನಷಾನ್ನೂ ನಂಬಬಾರದು ಅಂತ. ನಂಬಬಾರದಾಗಿದ್ದು ನಿಮ್ಮನ್ನ ಒಬ್ಬರನ್ನ. ಮಂದಿನೆಲ್ಲಾ ಸುಮ್ಮನ ಬೈಕೋತ ಕುಂತೆ."

ಆಮೇಲೆ ಅವರು ಹಾಳೆಯನ್ನು ನನ್ನ ಕಡೆ ತಳ್ಳಿದರು. "ಇದು ಬರೋಬ್ಬರಿ ಐತೇನು? ಖರೇ ಹೇಳ್ರಿ."

"ಸರಿಯಾಗಿದೆ. ಖರೇ."

ಅವರು ನನ್ನ ಮಾತು ತೆಗೆದುಕೊಳ್ಳಲಿಲ್ಲ. ನನ್ನೆದುರಿಗೇ ಮಗಳಿಂದ ಕಂಪನಿಗೆ ಫೋನ್ ಹಚ್ಚಿಸಿ, ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ, ನಾನು ಹೇಳಿದ ಪ್ರತಿಯೊಂದನ್ನೂ ಮತ್ತೆ ಕೇಳಿದರು. ತಂಬೂರಿಯ ಹೆಸರನ್ನು ಒಂದೊಂದಕ್ಷರವಾಗಿ ಬರೆಸಿದರು. ನಾನು ನಿಂತೇ ಇದ್ದೆ. ಹೋಗಿ ಎನ್ನಲಿಲ್ಲ, ಕೂರಿ ಎನ್ನಲೂ ಇಲ್ಲ. ಕಂಪನಿಯವರು ಹೇಳಿದ ದರ ನಾವು ಅಂದುಕೊಂಡದ್ದಕ್ಕೆ ಬಹಳ ಹತ್ತಿರವಿತ್ತು. ಅದನ್ನು ಕೇಳಿ ನನ್ನೊಳಗೆ ಒಂದು ಸಂತೋಷ ಚಿಮ್ಮಿತು ಎಂದರೆ — ಆ ಹೊತ್ತಿನಲ್ಲೂ — ನೀವು ನನ್ನ ಬಗ್ಗೆ ಏನಂದುಕೊಳ್ಳುತ್ತೀರೋ. ಚಿಮ್ಮಿದ್ದು ನಿಜ.

ಫೋನ್ ಇಟ್ಟು ಅವರು ಬಾಗಿಲ ತನಕ ಬಂದರು. "ಆವತ್ತ ಎಲ್ಲಾರ ಮುಂದ ಹೇಳಿದ್ರಿ. ಇದನ್ನೂ ಎಲ್ಲಾರ ಮುಂದ ಹೇಳ್ರಿ" ಎಂದು ಬಾಗಿಲು ಹಾಕಿಕೊಂಡರು.

ಅದಕ್ಕಾಗಿ ಇವತ್ತು ಇಲ್ಲಿ ನಿಂತಿದ್ದೇನೆ. ಅವರು ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿ ಎಂದು ನಾನು ಕೇಳಿಯೂ ಇಲ್ಲ — ಕೇಳುವುದು ಮತ್ತೊಂದು ಉಪಕಾರ ಬೇಡಿದಂತಾಗುತ್ತದೆ. ಸುಳ್ಳು ಹೇಳಿದ್ದಕ್ಕೆ ಹುಡುಕಿದರೆ ಕಾರಣಗಳು ಸಿಗುತ್ತವೆ, ನಾನು ಹುಡುಕಿದ್ದೇನೆ, ಒಂದೂ ಇಲ್ಲಿಗೆ ತಂದಿಲ್ಲ.

ಆವತ್ತು ನನ್ನ ಮಾತು ನಂಬಿ ಪಾಲಿಸಿ ಬದಲಿಸಿದವರು ನಿಮ್ಮಲ್ಲಿ ಇನ್ನೂ ಯಾರಿದ್ದೀರೋ, ದಯವಿಟ್ಟು ಮನೆಗೆ ಹೋದ ಕೂಡಲೇ ಅದನ್ನು ತೆಗೆದು ಪೂರ್ತಿ ಓದಿ. ಅದು ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಮೊದಲು ಓದಿ. ಗೊಂದಲವಾದರೆ ನನ್ನನ್ನು ಕರೆಯಿರಿ. ನಾಳೆ ಇಡೀ ದಿನ ಇಲ್ಲೇ ಇರುತ್ತೇನೆ, ಯಾರ ಮನೆಗಾದರೂ ಬರುತ್ತೇನೆ, ಜೊತೆಗೆ ಕುಳಿತು ಓದುತ್ತೇನೆ. ನನಗೆ ತಿಳಿಯದ್ದನ್ನು ತಿಳಿಯದು ಎನ್ನುತ್ತೇನೆ. ನಾನು ಹೇಳಿದ್ದನ್ನು ಹಾಗೇ ನಂಬಬೇಡಿ — ನನ್ನೆದುರಿಗೇ ಫೋನ್ ಮಾಡಿ ಕೇಳಿ. ನಾನು ನಿಂತಿರುತ್ತೇನೆ.